ಹೊಸ ಜೈವಿಕ ಇಂಧನಕ್ಕೆ ಅಮೆರಿಕದ ರಿನ್ ಪಡೆಯುವುದು ಹೇಗೆ: ಹೊಂಗೆ ಎಣ್ಣೆಯನ್ನೇ ಮುಂದಿಟ್ಟುಕೊಂಡು ಒಂದು ಕೈಪಿಡಿ

ಅಮೆರಿಕದಲ್ಲಿ ಜೈವಿಕ ಇಂಧನ ಮಾರುವವರಿಗೆ ಎರಡು ಕಡೆಯಿಂದ ಹಣ ಬರುತ್ತದೆ. ಇಂಧನದ ಬೆಲೆ ಒಂದು, ಅದರ ಜೊತೆ ಹುಟ್ಟುವ ‘ರಿನ್’ ಇನ್ನೊಂದು. ರಿನ್ ಎಂದರೆ 38 ಅಂಕಿಗಳ ಗುರುತಿನ ಸಂಖ್ಯೆ. ಪೆಟ್ರೋಲ್, ಡೀಸೆಲ್ ತಯಾರಿಸುವ ಮತ್ತು ಆಮದು ಮಾಡುವ ಕಂಪನಿಗಳು ವರ್ಷಕ್ಕೆ ಇಷ್ಟು ರಿನ್ ಒಪ್ಪಿಸಬೇಕೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ನಿಗದಿ ಮಾಡುತ್ತದೆ. ತಾವೇ ಜೈವಿಕ ಇಂಧನ ಬೆರೆಸದವರು ಬೆರೆಸಿದವರಿಂದ ರಿನ್ ಕೊಳ್ಳುತ್ತಾರೆ. 2005ರ ಕಾಯ್ದೆಯಿಂದ ಹುಟ್ಟಿ, 2007ರ ಕಾಯ್ದೆಯಿಂದ ಹಿಗ್ಗಿದ ಈ ವ್ಯವಸ್ಥೆ ಈಗಿನ ರೂಪಕ್ಕೆ ಬಂದದ್ದು 2010ರ ಜುಲೈ 1ರಂದು. 2025ರ ಸಾಲಿಗೆ 2023ರಲ್ಲಿ ನಿಗದಿಯಾದ ಒಟ್ಟು ಪ್ರಮಾಣ 2,233 ಕೋಟಿ ರಿನ್.

ನಿಮ್ಮ ಇಂಧನ ಎಷ್ಟೇ ಶುದ್ಧವಾಗಿರಲಿ, ಅದರ ‘ಪಾಥ್‌ವೇ’ಗೆ ಇಪಿಎ ಒಪ್ಪಿಗೆ ಇಲ್ಲದಿದ್ದರೆ ಒಂದು ರಿನ್ ಕೂಡ ಹುಟ್ಟುವುದಿಲ್ಲ. ಪಾಥ್‌ವೇ ಎಂದರೆ ಕಚ್ಚಾವಸ್ತು, ತಯಾರಿಕಾ ವಿಧಾನ, ತಯಾರಾದ ಇಂಧನ ಈ ಮೂರೂ ಸೇರಿದ ಜೋಡಣೆ. ಮೂರರಲ್ಲಿ ಒಂದು ಬದಲಾದರೂ ಪಾಥ್‌ವೇ ಬೇರೆಯಾಗುತ್ತದೆ. ಅರ್ಜಿಗಳು ಸೋಲುವುದು ತಂತ್ರಜ್ಞಾನ ಕಳಪೆ ಎಂಬ ಕಾರಣಕ್ಕೆ ತೀರಾ ಕಡಿಮೆ. ಕಚ್ಚಾವಸ್ತು ಎಲ್ಲಿಂದ ಬಂತು ಎಂಬುದಕ್ಕೆ ಕಾಗದ ಇಲ್ಲದಿರುವುದು, ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಲೆಕ್ಕ ಕೂಡದಿರುವುದು, ಇವೆರಡೇ ಹೆಚ್ಚಿನ ಕಡೆ ಮುಳುವಾಗುತ್ತವೆ. ಹಾಗಾಗಿ ಇಲ್ಲಿ ಅವೆರಡರ ಬಗ್ಗೆಯೇ ಹೆಚ್ಚು ಹೇಳಿದ್ದೇವೆ.

ಅರ್ಜಿ ಬೇಕೇ ಬೇಕೇ? ಮೊದಲು ಪಟ್ಟಿ ನೋಡಿ

ಅಮೆರಿಕದ ಫೆಡರಲ್ ನಿಯಮಾವಳಿಯ 40ನೇ ಸಂಪುಟದ 80.1426ನೇ ವಿಧಿಯಲ್ಲಿ ‘ಟೇಬಲ್ 1’ ಎಂಬ ಪಟ್ಟಿ ಇದೆ. ಎಲ್ಲರಿಗೂ ಮುಕ್ತವಾಗಿರುವ ಪಾಥ್‌ವೇಗಳು ಅದರಲ್ಲಿವೆ. ನಿಮ್ಮ ಇಂಧನ ಅದರ ಒಂದು ಸಾಲಿಗೆ ಪೂರ್ತಿ ಹೊಂದಿದರೆ ಪಿಟಿಷನ್, ಅಂದರೆ ಹೊಸ ಪಾಥ್‌ವೇಗೆ ಒಪ್ಪಿಗೆ ಕೇಳುವ ಅರ್ಜಿ, ಬೇಡ, ನೇರವಾಗಿ ನೋಂದಣಿಗೆ ಹೋಗಬಹುದು. ಸೋಯಾ ಎಣ್ಣೆ, ಬಳಸಿದ ಅಡುಗೆ ಎಣ್ಣೆ, ಪ್ರಾಣಿಕೊಬ್ಬು, ಕ್ಯಾಮಲೀನಾ ಎಣ್ಣೆಗಳಿಂದ ಮಾಡಿದ ಬಯೋಡೀಸೆಲ್ ‘ಎಫ್’ ಸಾಲಿನಲ್ಲಿ ಬರುತ್ತದೆ.

ಈ ಪಟ್ಟಿ ಓದುವಾಗ ಆಗುವ ದೊಡ್ಡ ತಪ್ಪು ಕಚ್ಚಾವಸ್ತುವಿನ ಹೆಸರು ಕಂಡ ಕೂಡಲೇ ನಿಲ್ಲಿಸಿಬಿಡುವುದು. ವಿಧಾನದ ಕಾಲಮ್ಮನ್ನೂ ಅಕ್ಷರ ಬಿಡದೆ ಓದಬೇಕು. ಅದೇ ಅಡುಗೆ ಎಣ್ಣೆಯನ್ನು ರಿಫೈನರಿಯಲ್ಲಿ ಕಚ್ಚಾತೈಲದ ಜೊತೆ ಸೇರಿಸಿ ಹೈಡ್ರೋಟ್ರೀಟ್ ಮಾಡಿದರೆ, ಅಂದರೆ ಹೈಡ್ರೋಜನ್ ಹಾಯಿಸಿ ಸಂಸ್ಕರಿಸಿದರೆ, ಅದು ‘ಎಫ್’ನಿಂದ ಜಾರಿ ‘ಎಚ್’ ಸಾಲಿಗೆ ಹೋಗುತ್ತದೆ. ಡಿ4 ದರ್ಜೆಯ ರಿನ್ ಬದಲು ಡಿ5 ದರ್ಜೆಯದು ಸಿಗುತ್ತದೆ (ಈ ದರ್ಜೆಗಳ ವಿವರ ಮುಂದಿದೆ). ಹೆಸರಿದ್ದ ಮಾತ್ರಕ್ಕೆ ಕೆಲಸ ಮುಗಿಯದ ಇನ್ನೊಂದು ಉದಾಹರಣೆ ನಮ್ಮ ಹೈನುಗಾರರಿಗೆ ಚಿರಪರಿಚಿತವಾದ ನೇಪಿಯರ್ ಹುಲ್ಲು. ಅದನ್ನು 2013ರಲ್ಲಿ ಪಟ್ಟಿಗೆ ಸೇರಿಸಿದ್ದಾರೆ. ಆದರೆ ಅಮೆರಿಕದಲ್ಲಿ ಅದು ಕಳೆಯಾಗಿ ಹಬ್ಬುವ ಭಯವಿರುವುದರಿಂದ, ಹಬ್ಬದಂತೆ ತಡೆಯುವ ಯೋಜನೆಯನ್ನೂ ನೋಂದಣಿಯ ಜೊತೆ ಕೊಡಬೇಕು, ಇಲ್ಲವೇ ಹಬ್ಬುವ ಸಂಭವವಿಲ್ಲ ಎಂದು ತೋರಿಸಬೇಕು.

ಡಿ-ಕೋಡ್ ಎಂದರೆ ರಿನ್‌ನ ದರ್ಜೆ. 2005ರ ಪೆಟ್ರೋಲ್, ಡೀಸೆಲ್‌ಗೆ ಹೋಲಿಸಿ ಹಸಿರುಮನೆ ಅನಿಲ ಎಷ್ಟು ಕಡಿಮೆ ಎಂಬುದರ ಮೇಲೆ ಅದು ನಿಲ್ಲುತ್ತದೆ. ಸಾಮಾನ್ಯ ನವೀಕರಿಸಬಹುದಾದ ಇಂಧನ ಡಿ6ಕ್ಕೆ ಕನಿಷ್ಠ 20%, ಸುಧಾರಿತ ಇಂಧನ ಡಿ5ಕ್ಕೂ ಜೈವಿಕ ಡೀಸೆಲ್ ಡಿ4ಕ್ಕೂ 50%, ಸೆಲ್ಯುಲೋಸ್ ಮೂಲದ ಡಿ3 ಮತ್ತು ಡಿ7ಕ್ಕೆ 60% ಇಳಿಕೆ ಬೇಕು. ಡೀಸೆಲ್‌ನ ಆಧಾರಮಟ್ಟ ದಶಲಕ್ಷ ಬಿಟಿಯುಗೆ (ಬಿಟಿಯು ಎಂದರೆ ಶಾಖಶಕ್ತಿಯ ಅಳತೆ) ಸುಮಾರು 97 ಕೆಜಿ ಇಂಗಾಲದ ಡೈಆಕ್ಸೈಡ್ ಸಮಾನ. ಪೆಟ್ರೋಲಿನದು ಸುಮಾರು 98.2 ಕೆಜಿ. ಅಂದರೆ ಡಿ4 ಬೇಕೆನ್ನುವವರ ಇಂಧನ, ಹೊಲದಿಂದ ವಾಹನದ ಹೊಗೆಕೊಳವೆವರೆಗೆ ಎಲ್ಲ ಸೇರಿ, 48.5 ಕೆಜಿ ದಾಟಬಾರದು. ಈ ಅಂಕಿಯನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ.

ಕಚ್ಚಾವಸ್ತು: ಹೊಂಗೆಯ ಪರೀಕ್ಷೆ

ಹೊಂಗೆ ಎಣ್ಣೆ ಟೇಬಲ್ 1ರಲ್ಲಿ ಇಲ್ಲ. ಫ್ಲೋರಿಡಾ, ಹವಾಯಿಗಳಲ್ಲಿ ಹೊಂಗೆ ತೋಟಗಳಿವೆ. ಕರ್ನಾಟಕದಲ್ಲಂತೂ ಬದುಗಳ ಮೇಲೆ, ರಸ್ತೆಯ ಬದಿಯಲ್ಲಿ, ಹಳ್ಳದ ದಂಡೆಯಲ್ಲಿ ಎಲ್ಲೆಲ್ಲೂ ಹೊಂಗೆಯೇ. ಈ ಎಣ್ಣೆಯ ಬಯೋಡೀಸೆಲ್‌ಗೆ ರಿನ್ ಬೇಕೆಂದು ಇಟ್ಟುಕೊಳ್ಳೋಣ. ವಿಧಾನ ಹಳೆಯದು, ಇಂಧನವೂ ಹಳೆಯದು, ಕಚ್ಚಾವಸ್ತು ಮಾತ್ರ ಹೊಸದು.

ಮೊದಲ ಪ್ರಶ್ನೆ, ಕಾನೂನಿನ ಪ್ರಕಾರ ಇದು ‘ನವೀಕರಿಸಬಹುದಾದ ಜೀವರಾಶಿ’ಯೇ? ವ್ಯಾಖ್ಯೆಯಲ್ಲಿ ಒಂದು ದಿನಾಂಕ ಇದೆ: 2007ರ ಡಿಸೆಂಬರ್ 19. ಬೆಳೆ ಬಂದ ಭೂಮಿ ಆ ದಿನಕ್ಕೆ ಮೊದಲೇ ಸಾಗುವಳಿಗೆ ಬಂದಿರಬೇಕು, ಅಂದಿನಿಂದ ಕೃಷಿ ನಿರ್ವಹಣೆಯಲ್ಲಿರಬೇಕು ಅಥವಾ ಬೀಳು ಬಿಟ್ಟಿರಬೇಕು, ಕಾಡಾಗಿರಬಾರದು. ಬೆಳೆಯನ್ನು ಮನುಷ್ಯರು ಉದ್ದೇಶಪಟ್ಟು ಬೆಳೆಸಿರಬೇಕು. ತೋಟದ ಮರಗಳಾದರೂ ಭೂಮಿ ಆ ದಿನಕ್ಕೆ ಮೊದಲೇ ಹಸನಾಗಿರಬೇಕು.

ಈ ಜರಡಿಯಲ್ಲಿ ಹೊಂಗೆಯನ್ನು ಹಾಕಿ ನೋಡಿ. ರೈತ ತನ್ನ ಹಳೆಯ ಹೊಲದಲ್ಲಿ ನೆಟ್ಟ ಮರದ ಬೀಜಕ್ಕೆ ದಾರಿ ಇದೆ. ಕಾಡಂಚಿನಲ್ಲಿ ತಾನಾಗಿ ಬೆಳೆದ ಮರದಡಿ ಆಯ್ದ ಬೀಜಕ್ಕೆ ಈ ದಾರಿ ಮುಚ್ಚಿದೆ. ಸಂತೆಯಲ್ಲಿ ಎರಡೂ ಒಂದೇ ಚೀಲಕ್ಕೆ ಬೀಳುತ್ತವೆ! ಬೀಜ ಸಂಗ್ರಹಿಸುವ ಹಂತದಲ್ಲೇ ಬೇರ್ಪಡಿಸದಿದ್ದರೆ ಆಮೇಲೆ ಯಾವ ಪ್ರಯೋಗಾಲಯವೂ ಬೇರ್ಪಡಿಸಿ ಕೊಡಲಾರದು.

ಅಮೆರಿಕ ಮತ್ತು ಕೆನಡಾದ ಬೆಳೆಗಳಿಗೆ ‘ಒಟ್ಟಾರೆ ಅನುಸರಣೆ’ ಎಂಬ ಸೌಲಭ್ಯ ಇದೆ. ಇಡೀ ದೇಶದ ಕೃಷಿಭೂಮಿ ಮಿತಿ ದಾಟದಿದ್ದರೆ ಒಬ್ಬೊಬ್ಬ ರೈತನ ಕಾಗದ ಕೇಳುವುದಿಲ್ಲ. ಭಾರತಕ್ಕೆ ಅದು ಇಲ್ಲ. ಹಾಗಾಗಿ ತುಂಡು ತುಂಡು ಜಮೀನಿಗೂ ಗಡಿ ಗುರುತಿಸಿದ ನಕ್ಷೆ ಬೇಕು, 2007ಕ್ಕೆ ಮೊದಲೇ ಸಾಗುವಳಿ ಇತ್ತೆಂಬ ದಾಖಲೆ ಬೇಕು. ಬೆಳೆ ಮಾರಿದ ರಸೀದಿ, ಗೊಬ್ಬರ ಕೊಂಡ ಬಿಲ್ಲು, ಕೃಷಿ ಯೋಜನೆಯಲ್ಲಿ ಪಾಲ್ಗೊಂಡ ಪತ್ರ ಇಂಥವು ನಡೆಯುತ್ತವೆ, ಆದರೆ ಆ ಜಮೀನಿಗೇ ತಾಳೆಯಾಗಬೇಕು. ಕರ್ನಾಟಕದ ಪಹಣಿಯಲ್ಲಿ ಸರ್ವೆ ನಂಬರ್, ಬೆಳೆ, ಸಾಗುವಳಿದಾರರ ವಿವರ ಇರುವುದರಿಂದ 2007ಕ್ಕೆ ಹಿಂದಿನ ಪಹಣಿ ಒಳ್ಳೆಯ ಆಧಾರ. ಅದೊಂದನ್ನೇ ನೆಚ್ಚದೆ ಎಪಿಎಂಸಿ ಬಿಲ್ಲನ್ನೂ ಸೇರಿಸಿ. ಇಪಿಎಗೆ ಹೋಗುವ ದಾಖಲೆ ಇಂಗ್ಲಿಷಿನಲ್ಲಿರಬೇಕು ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಸಾವಿರ ರೈತರ ಪಹಣಿಯ ಅನುವಾದ ಎಂದರೆ ಅದೇ ಒಂದು ಖರ್ಚಿನ ಬಾಬ್ತು, ಯೋಜನೆಯ ಮೊದಲ ಬಜೆಟ್ಟಿನಲ್ಲೇ ಸೇರಬೇಕು.

ಹೊಸ ಕಚ್ಚಾವಸ್ತುವಿಗೆ ಪಿಟಿಷನ್‌ನಲ್ಲಿ ಕೇಳುವ ಇತರ ಮಾಹಿತಿ: ಮಾರುಕಟ್ಟೆ ಬೆಲೆ, ಬೇರೆ ಉಪಯೋಗಗಳು, ಈಗಿನ ಮತ್ತು ಮುಂದಿನ ನಿರೀಕ್ಷಿತ ಇಳುವರಿ, ಬೆಳೆಯಲು ಹಾಗೂ ಸಂಸ್ಕರಣೆಗೆ ಸಿದ್ಧಪಡಿಸಲು ಬೇಕಾದ ರಾಸಾಯನಿಕಗಳು, ಸಂಗ್ರಹಿಸಿ ಕಾರ್ಖಾನೆಗೆ ಸಾಗಿಸುವ ಶಕ್ತಿ. ‘ಬೇರೆ ಉಪಯೋಗ’ದ ಕಾಲಮ್ಮನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಹೊಂಗೆ ಎಣ್ಣೆ ಸೋಪಿಗೆ, ಚರ್ಮ ಹದ ಮಾಡುವುದಕ್ಕೆ ಹೋಗುತ್ತದೆ, ಹಿಂಡಿ ಗೊಬ್ಬರವಾಗುತ್ತದೆ. ಎಣ್ಣೆ ಇಂಧನಕ್ಕೆ ತಿರುಗಿದರೆ ಸೋಪಿನವರು ಯಾವ ಎಣ್ಣೆಗೆ ಹೋಗುತ್ತಾರೆ? ತಾಳೆ ಎಣ್ಣೆಗಾದರೆ ಅದರ ಹೊರೆಯೂ ನಿಮ್ಮ ಲೆಕ್ಕಕ್ಕೆ ಬರಬಹುದು, ಏಕೆಂದರೆ ಕಾಯ್ದೆ ಪರೋಕ್ಷ ಹೊರಸೂಸುವಿಕೆಯನ್ನೂ ಲೆಕ್ಕ ಹಾಕಲು ಹೇಳುತ್ತದೆ.

ದ್ರವ್ಯ ಲೆಕ್ಕ

ಪಿಟಿಷನ್ನಿನ ವಿಧಿ 80.1416. ಅದು ಕೇಳುವ ತಾಂತ್ರಿಕ ಭಾಗದಲ್ಲಿ ವಿಧಾನದ ವಿವರಣೆ, ಹರಿವು ಚಿತ್ರ, ದ್ರವ್ಯ ಸಮತೋಲನ, ಶಕ್ತಿ ಸಮತೋಲನ, ಉಪಉತ್ಪನ್ನಗಳ ಬಳಕೆ ಮತ್ತು ಬೆಲೆ ಇರಬೇಕು.

ದ್ರವ್ಯ ಲೆಕ್ಕ ಹೇಗಿರಬೇಕೆಂದು ಹೊಂಗೆಯಲ್ಲೇ ನೋಡೋಣ. ಬಯೋಡೀಸೆಲ್ ಮಾಡಲು 100 ಕೆಜಿ ಎಣ್ಣೆಗೆ ಕೂಡಿಕೊಳ್ಳುವ ಮೆಥನಾಲ್ ಸುಮಾರು 11 ಕೆಜಿ. ಬರುವುದು ಸುಮಾರು 100 ಕೆಜಿ ಬಯೋಡೀಸೆಲ್, 10-11 ಕೆಜಿ ಗ್ಲಿಸರಿನ್. ಇದು ಪೂರ್ಣ ಪರಿವರ್ತನೆಯ ಕಾಗದದ ಲೆಕ್ಕ. ನಿಜವಾದ ಘಟಕದಲ್ಲಿ ಮೆಥನಾಲನ್ನು ಬೇಕಾದದ್ದರ ಎರಡರಷ್ಟು ಹಾಕಿ, ಉಳಿದದ್ದನ್ನು ಬಟ್ಟಿ ಇಳಿಸಿ ಮತ್ತೆ ಬಳಸುವುದು ರೂಢಿ. ಇಲ್ಲಿ ಎರಡು ತಪ್ಪುಗಳು ಆಗುತ್ತವೆ. ಮರುಬಳಕೆಯ ಮೆಥನಾಲನ್ನೂ ಹೊಸ ಒಳಹರಿವೆಂದು ಬರೆದು ತಮ್ಮ ಹೊರೆಯನ್ನು ತಾವೇ ಏರಿಸಿಕೊಳ್ಳುವುದು ಒಂದು. ಹೊಸದಾಗಿ ಸೇರಿಸುವುದನ್ನು ಮಾತ್ರ ಬರೆದು, ಬಟ್ಟಿ ಇಳಿಸಲು ಬೇಕಾದ ಉಗಿಯನ್ನು ಮರೆಯುವುದು ಇನ್ನೊಂದು.

ಹೊಂಗೆ ಎಣ್ಣೆಗೆ ಮತ್ತೊಂದು ತೊಡಕಿದೆ. ಬೀಜ ಹಳತಾದಷ್ಟೂ ಎಣ್ಣೆಯಲ್ಲಿ ಬಿಡಿ ಕೊಬ್ಬಿನಾಮ್ಲ ಹೆಚ್ಚುತ್ತದೆ. ಅದು 2-2.5% ದಾಟಿದರೆ ಕ್ಷಾರೀಯ ವೇಗವರ್ಧಕದ ಜೊತೆ ಸೇರಿ ಸೋಪಾಗುತ್ತದೆ, ಗ್ಲಿಸರಿನ್ ಬೇರ್ಪಡುವುದಿಲ್ಲ, ಇಳುವರಿ ಬೀಳುತ್ತದೆ. ಆಗ ಸಲ್ಫ್ಯೂರಿಕ್ ಆಮ್ಲ ಹಾಕಿ ಮುಂಚಿತವಾಗಿ ಎಸ್ಟರೀಕರಣ ಮಾಡಬೇಕು, ಅಂದರೆ ಆ ಕೊಬ್ಬಿನಾಮ್ಲವನ್ನು ಮೆಥನಾಲ್ ಜೊತೆ ಕೂಡಿಸಿ ಬಯೋಡೀಸೆಲ್ ಆಗಿಸಬೇಕು. ಅದರ ಆಮ್ಲ, ಹೆಚ್ಚಿನ ಮೆಥನಾಲ್, ಹೊರಬರುವ ನೀರು ಎಲ್ಲವೂ ಲೆಕ್ಕದಲ್ಲಿ ಕಾಣಬೇಕು. ತಾಜಾ ಬೀಜದ ಎಣ್ಣೆಯಲ್ಲಿ ಮಾಡಿದ ಪ್ರಯೋಗಾಲಯದ ಅಂಕಿ ಕೊಟ್ಟು, ಆಮೇಲೆ ಆರು ತಿಂಗಳು ಗೋದಾಮಿನಲ್ಲಿದ್ದ ಬೀಜ ಅರೆಯುವವರ ಘಟಕ ಒಪ್ಪಿಗೆಯ ಷರತ್ತಿಗೆ ಎಂದೂ ಹೊಂದುವುದಿಲ್ಲ.

ತೇವಾಂಶವನ್ನು ಪ್ರತಿ ಸಾಲಿನಲ್ಲೂ ಹೇಳಿ: ಒಣತೂಕವೇ, ಬಂದ ಹಾಗೆ ತೂಕವೇ? ಒಳಬಂದ ಒಟ್ಟು ತೂಕಕ್ಕೂ ಹೊರಹೋದ ಒಟ್ಟು ತೂಕಕ್ಕೂ ವ್ಯತ್ಯಾಸ ಕಂಡರೆ ‘ನಷ್ಟ’ ಎಂದು ಮುಚ್ಚಿಹಾಕದೆ ಅದು ಎಲ್ಲಿಗೆ ಹೋಯಿತೆಂದು ಬರೆಯಿರಿ. ಪರಿಶೀಲಿಸುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಶಕ್ತಿ ಲೆಕ್ಕ

ಹೊರಗಿನವರಿಂದ ಬರುವ ಉಗಿ, ಪಕ್ಕದ ಕಾರ್ಖಾನೆಯ ಬಿಸಿನೀರು, ಗ್ರಿಡ್ ವಿದ್ಯುತ್ ಎಲ್ಲವೂ ಇದರಲ್ಲಿ ಸೇರಬೇಕು. ಬೇರೊಬ್ಬರು ಉತ್ಪಾದಿಸಿದ್ದೆಂಬ ಕಾರಣಕ್ಕೆ ಬಿಡುವಂತಿಲ್ಲ.

ಒಂದು ಲೆಕ್ಕ ಮಾಡಿ ನೋಡಿ. ಘಟಕ ಒಂದು ಗ್ಯಾಲನ್ ಬಯೋಡೀಸೆಲ್‌ಗೆ 5,000 ಬಿಟಿಯು ನೈಸರ್ಗಿಕ ಅನಿಲ ಸುಡುತ್ತದೆ ಎನ್ನಿ. ದಶಲಕ್ಷ ಬಿಟಿಯು ಬಯೋಡೀಸೆಲ್ ಎಂದರೆ ಸುಮಾರು 8.5 ಗ್ಯಾಲನ್. ಅಂದರೆ ಅನಿಲ 42,500 ಬಿಟಿಯು. ಅನಿಲ ಸುಟ್ಟರೆ ದಶಲಕ್ಷ ಬಿಟಿಯುಗೆ ಸುಮಾರು 53 ಕೆಜಿ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಹಾಗಾಗಿ ನಿಮ್ಮ ಪಾಲು 2.25 ಕೆಜಿ. ಇದರ ಮೇಲೆ ಅನಿಲವನ್ನು ಹೊರತೆಗೆದು ಕೊಳವೆಯಲ್ಲಿ ತರುವಾಗಿನ ಸೋರಿಕೆಯ ಹೊರೆ. 48.5ರ ಮಿತಿಯಲ್ಲಿ ಇದು ಸಣ್ಣದು. ಅಂದರೆ ಎಣ್ಣೆಯಿಂದ ಮಾಡುವ ಇಂಧನಗಳಲ್ಲಿ ಹಣೆಬರಹ ಬರೆಯುವುದು ಬಾಯ್ಲರ್ ಅಲ್ಲ, ಹೊಲ. ಧಾನ್ಯದ ಎಥನಾಲಿನಲ್ಲಿ ಪರಿಸ್ಥಿತಿ ಬೇರೆ. ಬಟ್ಟಿ ಇಳಿಸುವುದಕ್ಕೂ ಒಣಗಿಸುವುದಕ್ಕೂ ತಿನ್ನುವ ಶಕ್ತಿಯೇ ಅಲ್ಲಿ ತೀರ್ಪು ಕೊಡುತ್ತದೆ.

ಅನಿಲದ ಬಿಲ್ಲು ಹೆಚ್ಚಿನ ಉಷ್ಣಮೌಲ್ಯದಲ್ಲಿ (ಸುಟ್ಟಾಗ ಹುಟ್ಟುವ ನೀರಾವಿಯ ಶಾಖವನ್ನೂ ಸೇರಿಸಿ) ಬರುತ್ತದೆ, ಇಂಧನದ ಲೆಕ್ಕ ಕಡಿಮೆ ಉಷ್ಣಮೌಲ್ಯದಲ್ಲಿ (ಅದನ್ನು ಬಿಟ್ಟು) ನಡೆಯುತ್ತದೆ. ನೈಸರ್ಗಿಕ ಅನಿಲದಲ್ಲಿ ಇವೆರಡಕ್ಕೂ ಸುಮಾರು 11% ಅಂತರ. ಹಾಳೆಯ ಒಂದು ಮೂಲೆಯಲ್ಲಿ ಅದು, ಇನ್ನೊಂದು ಮೂಲೆಯಲ್ಲಿ ಇದು ಎಂದಾದರೆ ಇಡೀ ಹಾಳೆ ವಾಪಸ್ ಬರುತ್ತದೆ. ಯಾವುದನ್ನಾದರೂ ಬಳಸಿ, ಆದರೆ ಪ್ರತಿ ಅಂಕಿಯ ಎದುರಿಗೂ ಯಾವುದೆಂದು ಬರೆಯಿರಿ.

ಇಪಿಎ ಲೆಕ್ಕ ಹಾಕುವ ಬಗೆ

ಜೀವನಚಕ್ರದ ಅಂತಿಮ ಲೆಕ್ಕವನ್ನು ಹಾಕುವುದು ಇಪಿಎ. ನೀವು ಕೊಡುವುದು ಕಚ್ಚಾ ಅಂಕಿಗಳು. ಕ್ಯಾಲಿಫೋರ್ನಿಯಾದ ಕಡಿಮೆ ಇಂಗಾಲ ಇಂಧನ ಯೋಜನೆಗೆಂದು ಮಾಡಿಸಿದ ವರದಿಯನ್ನೇ ಇಲ್ಲಿ ಲಗತ್ತಿಸಿದರೆ ಕೆಲಸ ಆಗುವುದಿಲ್ಲ. ಅಲ್ಲಿನ ಮಾದರಿ ಬೇರೆ, ಭೂಬಳಕೆ ಬದಲಾವಣೆಯ ಅಂಕಿ ಬೇರೆ, ಮಿತಿಯ ಪರಿಕಲ್ಪನೆಯೂ ಬೇರೆ. ಅಲ್ಲಿ ಅಂಕಿ ಕಡಿಮೆಯಾದಷ್ಟೂ ಹೆಚ್ಚು ಕ್ರೆಡಿಟ್; ಇಲ್ಲಿ ಮಿತಿಯೊಳಗಿದ್ದರೆ ಪೂರ್ತಿ ರಿನ್, ದಾಟಿದರೆ ಆ ದರ್ಜೆಯ ರಿನ್ ಸೊನ್ನೆ.

ಅರ್ಜಿ ಎಷ್ಟು ಬೇಗ ಮುಗಿಯುತ್ತದೆ ಎಂಬುದು ಹೊಸತು ಯಾವುದು ಎಂಬುದನ್ನು ಅವಲಂಬಿಸಿದೆ. ಕಚ್ಚಾವಸ್ತುವಿನ ಲೆಕ್ಕ ಹಿಂದೆಯೇ ಆಗಿದ್ದು ವಿಧಾನ ಮಾತ್ರ ಹೊಸದಾದರೆ, ಇಪಿಎ ಹಳೆಯ ಕೃಷಿ ಅಂಕಿಗೆ ನಿಮ್ಮ ಘಟಕದ ಅಂಕಿ ಕೂಡಿಸುತ್ತದೆ. ಮೆಕ್ಕೆಜೋಳ ಮತ್ತು ಬಿಳಿಜೋಳದ ಎಥನಾಲ್ ಘಟಕಗಳಿಗೆ 2014ರಿಂದ ಇಂಥದೇ ಒಂದು ಚುರುಕು ದಾರಿ ಇದೆ. ಬೆಳೆಯೇ ಹೊಸದಾದರೆ ಜಾಗತಿಕ ಕೃಷಿ ಮಾದರಿಗಳನ್ನು ಓಡಿಸಬೇಕು, ಅಮೆರಿಕದ ಸರ್ಕಾರಿ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಜಟ್ರೋಫಾ ಎಣ್ಣೆಗೆ 2015ರಲ್ಲಿ ಹೀಗೆ ಪ್ರಕಟಣೆ ಹೊರಟಿತ್ತು. ಹೊಂಗೆಯೂ ಈ ಉದ್ದನೆಯ ದಾರಿಯನ್ನೇ ಹಿಡಿಯಬೇಕು. ಕನೋಲಾ ಎಣ್ಣೆಯ ಬಯೋಡೀಸೆಲ್ 2010ರಲ್ಲೇ ಒಪ್ಪಿಗೆ ಪಡೆದಿತ್ತು, ಆದರೂ ಅದೇ ಎಣ್ಣೆಯ ನವೀಕರಿಸಬಹುದಾದ ಡೀಸೆಲ್‌ಗೆ (ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಮಾಡಿದ, ಮಾಮೂಲಿ ಡೀಸೆಲ್‌ನಂಥದೇ ಇಂಧನಕ್ಕೆ) ಒಪ್ಪಿಗೆ ಬಂದದ್ದು 2022ರ ಡಿಸೆಂಬರಿನಲ್ಲಿ.

ತಾಳೆ ಎಣ್ಣೆಯ ಪ್ರಕರಣವನ್ನು ಅರ್ಜಿ ಹಾಕುವ ಪ್ರತಿಯೊಬ್ಬರೂ ಓದಬೇಕು. 2012ರ ಜನವರಿಯಲ್ಲಿ ಇಪಿಎ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ತಾಳೆ ಬಯೋಡೀಸೆಲ್‌ನ ಇಳಿಕೆ 17%, ತಾಳೆಯ ನವೀಕರಿಸಬಹುದಾದ ಡೀಸೆಲ್‌ನದು 11%. ಕನಿಷ್ಠ 20% ಕೂಡ ಮುಟ್ಟಲಿಲ್ಲ. ಎಕರೆಗೆ ಇಷ್ಟು ಎಣ್ಣೆ ಕೊಡುವ ಬೆಳೆ ಮತ್ತೊಂದಿಲ್ಲ, ಆದರೂ ಸೋತಿತು. ತೋಟಗಳು ಕಾಡಿಗೂ ಒದ್ದೆ ಪೀಟ್ ನೆಲಕ್ಕೂ (ಅರೆಕೊಳೆತ ಗಿಡಮರ ಪದರಪದರವಾಗಿ ಕೂಡಿದ ಜೌಗಿಗೂ) ಹಬ್ಬುವುದರಿಂದ ಬಿಡುಗಡೆಯಾಗುವ ಇಂಗಾಲ, ಗಿರಣಿಗಳ ತ್ಯಾಜ್ಯನೀರಿನ ಕೊಳಗಳಿಂದ ಏಳುವ ಮೀಥೇನ್ ಅದನ್ನು ಎಳೆದು ಹಾಕಿದವು. ನಿಮ್ಮ ಕಚ್ಚಾವಸ್ತುವಿನಲ್ಲಿ ಇಂಥ ಕೊಳ ಎಲ್ಲಿದೆ ಎಂದು ಹುಡುಕಿ, ಅರ್ಜಿಗೆ ಮೊದಲೇ ಮುಚ್ಚಿ.

ಸಲ್ಲಿಸುವಾಗ

ಪಿಟಿಷನ್‌ಗೆ ಕಂಪನಿಯ ಜವಾಬ್ದಾರಿಯುತ ಅಧಿಕಾರಿಯೇ ಸಹಿ ಹಾಕಿ ದೃಢೀಕರಿಸಬೇಕು. ಸಲಹೆಗಾರರ ಸಹಿ ನಡೆಯುವುದಿಲ್ಲ. ಯಾವ ಡಿ-ಕೋಡ್ ಬೇಕೆಂದು ಸ್ಪಷ್ಟವಾಗಿ ಕೇಳಿ. ಗೋಪ್ಯ ವ್ಯಾಪಾರ ಮಾಹಿತಿಯನ್ನು ಗುರುತು ಮಾಡಿ, ಅದನ್ನು ತೆಗೆದ ಇನ್ನೊಂದು ಪ್ರತಿಯನ್ನೂ ಸಿದ್ಧಪಡಿಸಿ. ಅರ್ಜಿದಾರರ ಹೆಸರು, ಇಂಧನ, ಕಚ್ಚಾವಸ್ತುವಿನಂಥ ಮೂಲ ವಿವರಗಳು ಗೋಪ್ಯವಾಗಿ ಉಳಿಯುವುದಿಲ್ಲ ಎಂದುಕೊಂಡೇ ಹೆಜ್ಜೆ ಇಡಿ. ಅಪೂರ್ಣ ಅರ್ಜಿಯನ್ನು ತಳ್ಳಿಹಾಕುವ ಅಧಿಕಾರ ಇಪಿಎಗೆ ಇದೆ.

ಇಂಧನವೇ ಹೊಸದಾದರೆ ಒಂದು ಗ್ಯಾಲನ್‌ಗೆ ಎಷ್ಟು ರಿನ್ ಎಂಬ ‘ಸಮಾನತಾ ಮೌಲ್ಯ’ವನ್ನೂ ಕೇಳಬೇಕು. ಎಥನಾಲ್‌ಗೆ 1.0, ಬ್ಯುಟನಾಲ್‌ಗೆ 1.3, ಬಯೋಡೀಸೆಲ್‌ಗೆ 1.5 ಎಂದು ನಿಯಮದಲ್ಲೇ ಇದೆ. ಪಟ್ಟಿಯಲ್ಲಿಲ್ಲದ ಇಂಧನಕ್ಕೆ, ನವೀಕರಿಸಬಹುದಾದ ಪಾಲನ್ನು 0.972ರಿಂದ ಭಾಗಿಸಿ, ಗ್ಯಾಲನ್ ಒಂದರ ಬಿಟಿಯುವನ್ನು 77,000ದಿಂದ ಭಾಗಿಸಿ, ಎರಡನ್ನೂ ಗುಣಿಸಿ, ಒಂದು ದಶಮಾಂಶಕ್ಕೆ ಸರಿಹೊಂದಿಸಬೇಕು. ಪೂರ್ತಿ ಜೈವಿಕವಾದ, ಗ್ಯಾಲನ್‌ಗೆ 1,10,000 ಬಿಟಿಯು ಇರುವ ಇಂಧನಕ್ಕೆ 1.47 ಬರುತ್ತದೆ, ಅಂದರೆ 1.5. ರಸ್ತೆ ವಾಹನದ ಇಂಧನವಾದರೆ ಅದೇ ಫೆಡರಲ್ ನಿಯಮಾವಳಿಯ 79ನೇ ಭಾಗದಡಿ ಇಂಧನ ನೋಂದಣಿ ಬೇರೆಯೇ ಬೇಕು. ಬಯೋಡೀಸೆಲ್ ಆದರೆ ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ಡಿ6751 ಗುಣಮಟ್ಟ ಮುಟ್ಟಲೇಬೇಕು.

ಒಪ್ಪಿಗೆಯ ನಂತರ

ಒಪ್ಪಿಗೆ ಪತ್ರ ಬಂತೆಂದರೆ ರಿನ್ ಬಂತೆಂದಲ್ಲ. ಸ್ವತಂತ್ರ, ಪರವಾನಗಿ ಪಡೆದ ಎಂಜಿನಿಯರ್ ಘಟಕಕ್ಕೇ ಬಂದು ನೋಡಿ ವರದಿ ಬರೆಯಬೇಕು, ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಆಮೇಲೆ ಇಪಿಎ ನೋಂದಣಿಯನ್ನು ಸಕ್ರಿಯಗೊಳಿಸಿದ ಮೇಲಷ್ಟೇ ರಿನ್ ಹುಟ್ಟಿಸಬಹುದು.

ಹೊರದೇಶದ ತಯಾರಕರಿಗೆ ಎರಡು ದಾರಿ. ತಾವೇ ರಿನ್ ಹುಟ್ಟಿಸುವುದಾದರೆ ಬಾಂಡ್ ಇಡಬೇಕು, ವಾಷಿಂಗ್ಟನ್ ಡಿಸಿಯಲ್ಲಿ ಕಾನೂನು ನೋಟಿಸ್ ಸ್ವೀಕರಿಸುವ ಏಜೆಂಟರನ್ನು ನೇಮಿಸಬೇಕು, ಇಪಿಎ ತಪಾಸಣೆಗೆ ಒಪ್ಪಬೇಕು. ಇಲ್ಲವಾದರೆ ಘಟಕವನ್ನು ನೋಂದಾಯಿಸಿ, ರಿನ್ ಹುಟ್ಟಿಸುವ ಕೆಲಸವನ್ನು ಅಮೆರಿಕದ ಆಮದುದಾರನಿಗೆ ಬಿಡಬೇಕು. ಸಣ್ಣ ತಯಾರಕರಿಗೆ ಎರಡನೆಯದೇ ಲೇಸು. ಹೊರದೇಶದ ಇಂಧನಕ್ಕೂ ಕಚ್ಚಾವಸ್ತುವಿಗೂ ಅರ್ಧ ರಿನ್ ಮಾತ್ರ ಕೊಡುವ ಪ್ರಸ್ತಾವವನ್ನು ಇಪಿಎ 2025ರ ಜೂನ್‌ನಲ್ಲಿ ಮುಂದಿಟ್ಟಿತ್ತು. ಬೆಲೆ ಒಪ್ಪಂದಕ್ಕೆ ಮೊದಲು ಜಾರಿಯಲ್ಲಿರುವ ನಿಯಮವನ್ನು ಓದಿಯೇ ಸಹಿ ಹಾಕಿ.

ಬಿಸಿಲ ನಾಡಿನವರು ಮರೆಯಬಾರದ ಒಂದು ಲೆಕ್ಕ: ರಿನ್ ಎಣಿಸುವುದು 60 ಡಿಗ್ರಿ ಫ್ಯಾರನ್‌ಹೀಟ್‌ಗೆ ಹೊಂದಿಸಿದ ಪರಿಮಾಣದ ಮೇಲೆ. ಬಯೋಡೀಸೆಲ್‌ಗೆ ಸೂತ್ರ ಹೀಗಿದೆ: ತಾಪಮಾನವನ್ನು 0.00045767ರಿಂದ ಗುಣಿಸಿ, ಬಂದದ್ದನ್ನು 1.02746025ರಿಂದ ಕಳೆದು, ಉಳಿದದ್ದನ್ನು ಅಳತೆಯ ಗ್ಯಾಲನ್‌ಗಳಿಂದ ಗುಣಿಸಬೇಕು. 95 ಡಿಗ್ರಿಯಲ್ಲಿ, ಅಂದರೆ ನಮ್ಮ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಳೆದ 10 ಲಕ್ಷ ಗ್ಯಾಲನ್ ಸುಮಾರು 9,84,000ಕ್ಕೆ ಇಳಿಯುತ್ತದೆ. ಈ ತಿದ್ದುಪಡಿ ಮಾಡದೆ ಹೋದರೆ ಸುಮಾರು 24,000 ರಿನ್ ಅಕ್ರಮವಾಗಿ ಹುಟ್ಟಿರುತ್ತವೆ.

ಅಕ್ರಮ ರಿನ್ ಸಣ್ಣ ವಿಷಯವಲ್ಲ. ಮೇರಿಲ್ಯಾಂಡಿನ ಒಂದು ಕಂಪನಿ ಬಯೋಡೀಸೆಲ್ ತಯಾರಿಸದೆಯೇ 3 ಕೋಟಿಗೂ ಹೆಚ್ಚು ರಿನ್ ಮಾರಿತ್ತು. ಅದರ ಮಾಲೀಕರಿಗೆ 2013ರಲ್ಲಿ ಹನ್ನೆರಡೂವರೆ ವರ್ಷ ಜೈಲಾಯಿತು. ಗೊತ್ತಿಲ್ಲದೆ ಕೊಂಡ ರಿಫೈನರಿಗಳೂ ಅಸಲಿ ರಿನ್ ಕೊಂಡು ತುಂಬಬೇಕಾಯಿತು. ಅಂದಿನಿಂದ ಕೊಳ್ಳುವವರು ಹೊಸ ತಯಾರಕರನ್ನು ಸುಲಭಕ್ಕೆ ನಂಬುವುದಿಲ್ಲ. 2014ರಲ್ಲಿ ಬಂದ, ಹೊರಗಿನ ಸ್ವತಂತ್ರ ತಪಾಸಕರು ರಿನ್ ಪರಿಶೀಲಿಸುವ ಸ್ವಯಂಪ್ರೇರಿತ ಗುಣಮಟ್ಟ ಖಾತರಿ ಯೋಜನೆಗೆ ಮೊದಲ ದಿನದಿಂದಲೇ ಸೇರಿಕೊಂಡರೆ ನಿಮ್ಮ ರಿನ್‌ಗೆ ಗಿರಾಕಿ ಸಿಗುವುದು ಸುಲಭ. ಬಳಸಿದ ಅಡುಗೆ ಎಣ್ಣೆಯವರಿಗಂತೂ ಇದು ಇನ್ನೂ ಮುಖ್ಯ. ಹಳೆ ಎಣ್ಣೆಯ ಹೆಸರಿನಲ್ಲಿ ಹೊಸ ತಾಳೆ ಎಣ್ಣೆ ಬರುತ್ತಿದೆಯೇ ಎಂಬ ಅನುಮಾನದ ನಡುವೆ, ಪೂರೈಕೆ ಸರಪಳಿಯ ತಪಾಸಣೆ ಶುರುಮಾಡಿರುವುದಾಗಿ ಇಪಿಎ 2024ರಲ್ಲಿ ಹೇಳಿದೆ. ಯಾವ ಹೋಟೆಲಿನಿಂದ, ಯಾವ ದಿನ, ಎಷ್ಟು ಲೀಟರ್ ಎಂಬ ಪುಸ್ತಕ ಸಂಗ್ರಹಿಸುವವರ ಬಳಿ ಇರಲೇಬೇಕು.

ಹುಟ್ಟಿದ ರಿನ್‌ಗಳನ್ನು ಐದು ಕೆಲಸದ ದಿನಗಳೊಳಗೆ ಇಪಿಎಯ ವಹಿವಾಟು ವ್ಯವಸ್ಥೆ ಇಎಂಟಿಎಸ್‌ನಲ್ಲಿ ದಾಖಲಿಸಿ. ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳಿ. ಬಾಯ್ಲರ್‌ನ ಇಂಧನ ಬದಲಿಸುವ, ಹೊಸ ಎಣ್ಣೆ ಸೇರಿಸುವ, ಮುಂಸಂಸ್ಕರಣೆ ಘಟಕ ಜೋಡಿಸುವ ಯೋಚನೆ ಬಂದರೆ ಕೆಲಸ ಶುರುಮಾಡುವ ಮೊದಲೇ ಒಪ್ಪಿಗೆ ಪತ್ರದ ಷರತ್ತುಗಳನ್ನು ತೆರೆದು ನೋಡಿ. ನೋಂದಣಿ ತಿದ್ದುಪಡಿಯಲ್ಲೇ ಮುಗಿಯುವ ಬದಲಾವಣೆಗಳೂ ಇವೆ, ಹೊಸ ಪಿಟಿಷನ್ ಬೇಡುವ ಬದಲಾವಣೆಗಳೂ ಇವೆ. ಒಪ್ಪಿಗೆಯ ಆಚೆಗಿನ ಬದಲಾವಣೆಯನ್ನು ತಿಳಿಸದೆ ಮಾಡಿದರೆ, ಅಂದಿನಿಂದ ಹುಟ್ಟಿದ ಎಲ್ಲ ರಿನ್‌ಗಳೂ ಅಸಿಂಧುವಾಗುವ ಅಪಾಯವಿದೆ.